ಬೇವು ಹಚ್ಚಿದ ಸೆರಗು

ನಾರಾಯಣಪೇಟೆಯ ಏಜೆನ್ಸಿಯ ಬೋರ್ಡಿನಲ್ಲಿ ನನ್ನ ಕೆಲಸಕ್ಕೆ ‘ಬೇಬಿ ಕೇರ್‌ಟೇಕರ್’ ಎಂದು ಹೆಸರು. ಕೆಲಸಕ್ಕೆ ಹೋದ ಮನೆಗಳಲ್ಲಿ ನಾನು ಆಯಾ. ಮಕ್ತಲಿನ ನಮ್ಮ ಓಣಿಯಲ್ಲಿ ಇಂಥ ಅಲಂಕಾರವೆಲ್ಲ ಇಲ್ಲ. ಅಲ್ಲಿ ನಾನು ‘ಮಂದಿ ಕೂಸು ಆಡಿಸಾಕಿ’. ಮೂರರಲ್ಲಿ ಯಾವುದು ಖರೆ ಎಂದರೆ ಓಣಿಯವರದೇ ಖರೆ. ಕೂಸು ಮಂದಿಯದು. ಅದನ್ನು ನಾನು ಒಮ್ಮೆ ಮರೆತಿದ್ದೆ.

ಏಜೆನ್ಸಿ ಇದ್ದದ್ದು ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಲ್ಲಿ ನಮ್ಮ ಕೈಗೆ ಪ್ಲಾಸ್ಟಿಕ್ ಗೊಂಬೆ ಕೊಟ್ಟು ಮೀಸುವುದು, ಬಾಟಲಿ ಕುದಿಸುವುದು, ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಬೆನ್ನಿಗೆ ಹೇಗೆ ತಟ್ಟಬೇಕೆಂಬುದು, ಎಲ್ಲ ಕಲಿಸಿದರು. ಮಗಳನ್ನು ಹೆತ್ತು, ಬೆಳೆಸಿ, ರಾಯಚೂರಿಗೆ ಮದುವೆ ಮಾಡಿ ಕೊಟ್ಟ ಮೇಲೆ ನನಗೆ ಗೊಂಬೆಗೆ ಎಣ್ಣೆ ಹಚ್ಚುವ ಪಾಠ. ನಗು ಬಂದರೂ ನುಂಗಿಕೊಂಡೆ. ಗಂಡ ತೀರಿಹೋದ ಮೇಲೆ ಮನೆಯಲ್ಲಿ ಗೋಡೆ ನೋಡುತ್ತ ಕೂತವಳಿಗೆ ಗೊಂಬೆಯಾದರೂ ಆದೀತು ಎನ್ನಿಸಿತ್ತು.

ಏಜೆನ್ಸಿಯ ಮೇಡಮ್ಮಿನದು ಒಂದು ಕಾಯಿದೆ ಇತ್ತು. ಕೂಸು ಹೆತ್ತವಳಿಗಿಂತ ಆಯಾಳನ್ನೇ ಹೆಚ್ಚು ಹಚ್ಚಿಕೊಂಡಿದೆ ಎಂದು ಮನೆಯವರಿಗೆ ಅನ್ನಿಸಿದರೆ ಆಯಾ ಬದಲಾಗಬೇಕು. ಅದಕ್ಕೆ ಅವರು ‘ಕೈ ಬದಲಿ’ ಎನ್ನುತ್ತಿದ್ದರು. ಹೊಸಬಳು ಬಂದು ಹಳಬಳ ಜೊತೆ ಕೆಲವು ದಿನ ಇರುತ್ತಾಳೆ. ಕೂಸು ಅವಳಿಗೆ ಒಗ್ಗಿದ ಮೇಲೆ ಹಳಬಳು ಹೊರಡುತ್ತಾಳೆ. ಮತ್ತೆ ಆ ಮನೆಯ ಬಾಗಿಲು ತುಳಿಯುವಂತಿಲ್ಲ, ಫೋನು ಮಾಡುವಂತಿಲ್ಲ.

“ಬ್ಯಾಂಕಿನ ಮ್ಯಾನೇಜರಗ ಬದಲಿ ಆಗಂಗಿಲ್ಲೇನು? ಇದೂ ಹಂಗ,” ಎಂದಿದ್ದರು ಮೇಡಮ್.

ಬ್ಯಾಂಕಿನ ಮ್ಯಾನೇಜರನ ಹೆಗಲ ಮೇಲೆ ಯಾರೂ ಜೊಲ್ಲು ಸುರಿಸಿಕೊಂಡು ಮಲಗುವುದಿಲ್ಲ ಎಂದು ಹೇಳಬೇಕೆನಿಸಿತು. ಆಗ ಅದು ಬರೀ ಮಾತಾಗಿತ್ತು, ನನಗೂ ಅದರ ಬಿಸಿ ತಾಗಿರಲಿಲ್ಲ.

ನನ್ನನ್ನು ಗದ್ವಾಲದ ಒಂದು ಮನೆಗೆ ಕಳಿಸಿದರು. ತಾಯಿ ಅಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ತಂದೆಯ ನೌಕರಿ ಪರಊರಲ್ಲಿ, ಆದಿತ್ಯವಾರಕ್ಕೊಮ್ಮೆ ಬರುತ್ತಿದ್ದರು. ಮನೆಮಾತು ನಮ್ಮದೇ ಕನ್ನಡ, ಹೊರಗೆ ತೆಲುಗು. ಹೆಣ್ಣು ಕೂಸು, ಇನ್ನೂ ಬೋರಲು ಬೀಳುತ್ತಿತ್ತು. ಎತ್ತಿಕೊಂಡ ಮೊದಲ ದಿನವೇ ನನ್ನ ಮೂಗು ಹಿಡಿದು ಜಗ್ಗಿ, ಬಂದದ್ದು ಯಾರೆಂದು ಪರೀಕ್ಷೆ ಮಾಡಿತು. ಪಾಸಾದೆ ಎಂದು ಕಾಣುತ್ತದೆ.

ನಾನು ಉಡುವುದು ನಾರಾಯಣಪೇಟೆಯ ನೂಲಿನ ಸೀರೆ, ಸಣ್ಣ ಚೌಕಳಿ, ಕೆಂಪು ಅಂಚು. ಅದರ ಮೇಲೆ ಏಜೆನ್ಸಿಯ ನೀಲಿ ಏಪ್ರನ್. ಆ ಏಪ್ರನ್ನನ್ನು ಕೂಸು ಮೂಸಿಯೂ ನೋಡಲಿಲ್ಲ. ಅದರ ಅಡಿಯಿಂದ ನನ್ನ ಸೆರಗಿನ ತುದಿ ಎಳೆದು, ಮುದ್ದೆ ಮಾಡಿ, ಬಾಯಿಗಿಟ್ಟುಕೊಂಡು ಅಗಿಯುತ್ತಿತ್ತು. ಅಗಿಯುತ್ತ ಅಗಿಯುತ್ತ ಕಣ್ಣು ಮುಚ್ಚುತ್ತಿತ್ತು. ಹಲ್ಲು ಬರುವ ಕಾಲಕ್ಕೆ ಶುರುವಾದದ್ದು ನಡೆಯಲು ಕಲಿತರೂ ಬಿಡಲಿಲ್ಲ. ಗೊಂಬೆಯ ಪಾಠದ ಪ್ರಕಾರ ಇದು ತಪ್ಪು. ನಾನು ಆ ತುದಿಯನ್ನು ದಿನಾ ಬಿಸಿನೀರಲ್ಲಿ ಬೇರೆಯಾಗಿ ಒಗೆದು ಒಣಗಿಸುತ್ತಿದ್ದೆ, ಅಷ್ಟೇ. ಬಿಡಿಸುವ ಮನಸ್ಸು ಮಾಡಲಿಲ್ಲ. ನನ್ನ ಮಗಳು ಸಣ್ಣವಳಿದ್ದಾಗ ನಾನು ಹೊಲದ ಕೂಲಿಗೆ ಹೋಗುತ್ತಿದ್ದೆ. ಅವಳು ಅಜ್ಜಿಯ ಬೆನ್ನಿಗೆ ಬಿದ್ದು ಬೆಳೆದವಳು. ಒಂದು ಕೂಸು ಇಡೀ ದಿನ ನನ್ನ ಮೈಗೆ ಅಂಟಿಕೊಂಡಿದ್ದು ಐವತ್ತರ ಹತ್ತಿರ ಬಂದ ಮೇಲೇ. ಅದು ನನಗೆ ಬೇಕಾಗಿತ್ತು, ಅದರಲ್ಲಿ ಮುಚ್ಚುಮರೆ ಏನು.

ಸಂಜೆ ತಾಯಿ ಕಾಲೇಜಿನಿಂದ ಬಂದು, ಕೈಕಾಲು ತೊಳೆದು, ಎರಡೂ ಕೈ ಚಾಚುತ್ತಿದ್ದರು. ಕೂಸು ಅವರ ಮುಖ ನೋಡಿ ನಗುತ್ತಿತ್ತು, ಆದರೆ ಹೋಗುತ್ತಿರಲಿಲ್ಲ. ಬಲವಂತ ಮಾಡಿದರೆ ಸೆರಗು ಬಿಗಿ ಹಿಡಿದು ಅಳುತ್ತಿತ್ತು. ಒಂದು ಸಂಜೆ ಅವರು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡರು. ನೀರಿನ ಸದ್ದಿನಲ್ಲಿ ಅಳು ಮುಚ್ಚುವುದಿಲ್ಲ. ನನಗೆ ಅಯ್ಯೋ ಎನಿಸಿತು. ಅದರ ಜೊತೆಗೇ ಒಳಗೊಳಗೆ ಹಿಗ್ಗೂ ಆಯಿತು, ದೇವರು ಕ್ಷಮಿಸಲಿ.

ಮರುದಿನವೇ ಅವರು ಏಜೆನ್ಸಿಗೆ ಫೋನು ಮಾಡಿದ್ದರು. ನನ್ನನ್ನು ಕೂಡಿಸಿಕೊಂಡು ಹೇಳಿದರು, “ನಿಮ್ಮ ತಪ್ಪಿಲ್ರಿ ಬಾಯಾರ. ನೀವು ಚಲೋ ನೋಡ್ಕೊಂಡೀರಿ. ಆದ್ರ ನನ್ನ ಮಗಳು ನನ್ನ ಕೈಗೆ ಬರವಲ್ಲಳು. ನಾ ಏನು ಮಾಡ್ಲಿ?”

ನಾನು “ಹೌದ್ರಿ” ಎಂದೆ. ಆದರೆ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿದೆ. ಹೊಸಬಳು ಬರಲಿ. ಕೂಸು ಅವಳಿಗೆ ಒಗ್ಗುವುದಿಲ್ಲ. ಒಗ್ಗದಿದ್ದರೆ ಸೋತು ನನ್ನನ್ನೇ ಇಟ್ಟುಕೊಳ್ಳುತ್ತಾರೆ, ಶಾಲೆಗೆ ಹೋಗುವತನಕವಾದರೂ. ಆ ದಿನಗಳಲ್ಲಿ ನಾನು ಬದುಕಿದ್ದು ಅದೊಂದೇ ಆಸೆಯ ಮೇಲೆ.

ಹೊಸಬಳು ಧನ್ವಾಡದ ಕಡೆಯವಳು, ಚೂಡಿದಾರ ಹಾಕಿದ ಹುಡುಗಿ, ನನ್ನನ್ನು ಅಕ್ಕ ಅಕ್ಕ ಎನ್ನುತ್ತಿದ್ದಳು. ಕೆಟ್ಟವಳಲ್ಲ. ಅವಳು ಎತ್ತಿಕೊಂಡರೆ ಸಾಕು, ಕೂಸು ಬಿಲ್ಲಿನಂತೆ ಬಾಗಿ ಅಳುತ್ತಿತ್ತು. ಕಾಯಿದೆಯ ಪ್ರಕಾರ ನಾನು ಆಗ ಪಕ್ಕದ ಕೋಣೆಯಲ್ಲಿ ಇರಬೇಕು. ಬಾಗಿಲ ಹಿಂದೆ ನಿಂತು ಆ ಅಳು ಕೇಳಿ ಮೊದಮೊದಲು ಖುಷಿಪಟ್ಟೆ. ಅಳು ಬಂಗಾರ, ಇನ್ನೂ ಜೋರಾಗಿ ಅಳು, ಎಂದುಕೊಂಡೆ.

ಆಮೇಲೆ ಕೂಸು ಅನ್ನ ಬಿಟ್ಟಿತು. ಹಾಲು ಕುಡಿಸಿದರೆ ಕಾರುತ್ತಿತ್ತು. ಅತ್ತು ಅತ್ತು ದನಿ ಬಿದ್ದುಹೋಗಿ, ಬಾಯಿ ತೆರೆದರೂ ಸದ್ದು ಬರುತ್ತಿರಲಿಲ್ಲ. ಕೆನ್ನೆ ಇಳಿಯಿತು, ಮೈ ಬಿಸಿಯಾಯಿತು. ಡಾಕ್ಟರರು ನೋಡಿ ರೋಗವೇನೂ ಇಲ್ಲ ಎಂದರು. ನನ್ನ ಖುಷಿ ಅಲ್ಲಿಗೆ ಮುಗಿಯಿತು. ಯಾರ ಕೈ ಗೆಲ್ಲುತ್ತದೆಂಬ ಪಂದ್ಯದಲ್ಲಿ ಸೊರಗುತ್ತಿದ್ದದ್ದು ಕೂಸು.

ಮೇಡಮ್ ನಾರಾಯಣಪೇಟೆಯಿಂದ ಬಂದರು. ಅಡುಗೆಮನೆಯಲ್ಲಿ ನಿಂತು ನನ್ನನ್ನು ಕೇಳಿದರು, “ಸೆರಗಿನ ಚಟ ಬಿಡಿಸಿದ್ರ ಎಲ್ಲಾ ಬರೋಬ್ಬರಿ ಆಕ್ಕೈತಿ. ಹೆಂಗ ಬಿಡಿಸೋದು? ನಿಮ್ಮ ಕಡೆ ಏನು ಮಾಡ್ತೀರಿ?”

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಕೂಸಿನ ಮುಖ ನೋಡಿ ಸುಮ್ಮನಿರಲಾಗದೆ ಹೇಳಿಬಿಟ್ಟೆ. ನಮ್ಮ ಕಡೆ ಮೊಲೆ ಬಿಡಿಸುವಾಗ ಬೇವಿನ ಎಲೆ ನುಣ್ಣಗೆ ಅರೆದು ಹಚ್ಚಿಕೊಳ್ಳುತ್ತಾರೆ. ಕೂಸು ಬಾಯಿ ಹಾಕಿ, ಕಹಿಗೆ ಮುಖ ಕಿವುಚುತ್ತದೆ. ಆ ಗಳಿಗೆಯಲ್ಲೇ ಹೆತ್ತವಳು ತನ್ನ ಕೈಯಿಂದ ಬೆಲ್ಲ ಕೊಡಬೇಕು. ಕಹಿ ಹಚ್ಚಿದ ಕೈಯೇ ಬೆಲ್ಲ ಕೊಡಬೇಕು, ಇಲ್ಲದಿದ್ದರೆ ಕೂಸು ಆ ಕೈಯನ್ನು ಬಿಟ್ಟುಬಿಡುತ್ತದೆ ಎಂದು ನನ್ನವ್ವ ಹೇಳುತ್ತಿದ್ದಳು. ನನ್ನ ಮಗಳಿಗೂ ಹಾಗೇ ಮಾಡಿದ್ದೆ.

ಮೇಡಮ್ಮಿಗೆ ಅಷ್ಟೇ ಸಾಕಾಯಿತು. ಜಾಣೆ ಹೆಂಗಸು. “ಹಂಗಂದ್ರ ಬೇವು ನೀವು ಹಚ್ರಿ,” ಎಂದರು. “ಬೆಲ್ಲ ತಾಯಿ ಕೊಡ್ಲಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೇವನ್ನು ನಾನೇ ಕಿತ್ತು ತಂದೆ. ಮನೆಯ ಹಿಂದೆಯೇ ಮರ ಇತ್ತು. ಚಿಗುರು ಕಿತ್ತರೆ ಕಹಿ ಕಡಿಮೆ ಎಂದು ಕೈ ಚಿಗುರಿನ ಕಡೆಗೇ ಹೋಯಿತು. ಚಿಗುರು ಹಚ್ಚಿದರೆ ಚಟ ಬಿಡುವುದಿಲ್ಲ; ಬಿಡದಿದ್ದರೆ ನಾನು ಉಳಿಯಬಹುದು. ಅಂಗಳದಲ್ಲಿ ಟೊಂಗೆ ಹಿಡಿದು ನಿಂತೆ. ಒಳಗೆ ದನಿ ಇಲ್ಲದ ಕೂಸು ಕೆಮ್ಮಿತು. ಬಲಿತ ಎಲೆಯನ್ನೇ ಕಿತ್ತೆ. ಕಲ್ಲಿನ ಮೇಲೆ ಒಂದು ನಾರೂ ಉಳಿಯದಂತೆ ಅರೆದೆ. ಮಾಡುವ ಕೆಲಸವನ್ನು ಅರ್ಧಮರ್ಧ ಮಾಡುವುದು ನನ್ನ ಕೈಗೆ ಗೊತ್ತಿಲ್ಲ, ಸುಡಲಿ ಆ ಕೈ.

ಮಧ್ಯಾಹ್ನ, ಊಟದ ಹೊತ್ತು ಮುಗಿದಿತ್ತು. ತಾಯಿ ರಜೆ ಹಾಕಿ ಮನೆಯಲ್ಲಿದ್ದರು, ಬೆಲ್ಲದ ಚೂರು ಹಿಡಿದು ನನ್ನ ಪಕ್ಕದಲ್ಲೇ ಕೂತಿದ್ದರು. ಕೂಸನ್ನು ನನ್ನ ತೊಡೆಯ ಮೇಲೆ ಹಾಕಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಸಿಕ್ಕ ಸೆರಗು. ಎರಡೂ ಕೈಯಿಂದ ಎಳೆದು ಬಾಯಿಗೆ ತುರುಕಿಕೊಂಡಿತು.

ಉಗುಳುತ್ತದೆ ಎಂದು ಕಾದೆವು. ಉಗುಳಲಿಲ್ಲ. ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು, ತಲೆಯೆತ್ತಿ ನನ್ನ ಮುಖ ನೋಡಿತು. ನೋಡುತ್ತ ಮತ್ತೆ ಅಗಿಯಿತು. ನನ್ನ ಸೆರಗು ಕಹಿ ಇರಲಾರದೆಂದು ಅದಕ್ಕೆ ಅಷ್ಟು ನಂಬಿಕೆ. ಕಹಿ ನುಂಗುತ್ತ, ಬಿಕ್ಕುತ್ತ, ಅಗಿಯುತ್ತಲೇ ಇತ್ತು. ತಾಯಿ “ಸಾಕ್ರಿ, ಬ್ಯಾಡ್ರಿ” ಎಂದು ಅತ್ತರು. ಕೊನೆಗೆ ನಾನೇ ಸೆರಗನ್ನು ಅದರ ಬಾಯಿಂದ ಕಿತ್ತುಕೊಂಡು, ಕೂಸನ್ನು ತಾಯಿಯ ತೊಡೆಗೆ ದಾಟಿಸಿ, ಬೆನ್ನು ತಿರುಗಿಸಿ ಕೂತೆ. ಕೂಸು ಒಂದು ಗಳಿಗೆ ನನ್ನ ಬೆನ್ನು ಮುಟ್ಟಿತು. ನಾನು ತಿರುಗಲಿಲ್ಲ. ಆಮೇಲೆ ತಾಯಿ ಕೊಟ್ಟ ಬೆಲ್ಲ ಚೀಪುವ ಸದ್ದು ಕೇಳಿತು.

ಮರುದಿನ ಮತ್ತೆ ಹಚ್ಚಿದೆ. ಆಮೇಲೆ ಹಚ್ಚುವ ಅಗತ್ಯ ಬೀಳಲಿಲ್ಲ. ನನ್ನನ್ನು ಕಂಡರೆ ಕೂಸು ತಾಯಿಯ ಕೊರಳು ಅಪ್ಪಿಕೊಳ್ಳುತ್ತಿತ್ತು. ಅನ್ನ ತಿಂದಿತು, ಜ್ವರ ಇಳಿಯಿತು. ಧನ್ವಾಡದ ಹುಡುಗಿಯ ಕೈಗೂ ಬರತೊಡಗಿತು. ನಾನು ಹೊರಟ ದಿನ ತಾಯಿ ನನಗೆ ಕುಂಕುಮ ಕೊಡಬೇಕೋ ಬೇಡವೋ ಎಂದು ತಡವರಿಸಿ, ಬೊಗಸೆ ತುಂಬ ಮಲ್ಲಿಗೆ ಕೊಟ್ಟರು. ಕೂಸು ನಿದ್ದೆಯಲ್ಲಿತ್ತು. ಎಬ್ಬಿಸಲೇ ಎಂದು ಕೇಳಿದರು. ಬೇಡ ಎಂದೆ.

ಬಸ್ಸು ಜೂರಾಲದ ಆಣೆಕಟ್ಟು ದಾಟುವಾಗ ಮಗಳಿಗೆ ಫೋನು ಹಚ್ಚಿದೆ. ಬೇವಿನ ಸುದ್ದಿ ಹೇಳಿದರೆ ಅವಳು ನಕ್ಕಳು. “ಅಯ್ಯ ಯವ್ವಾ, ನನಗೂ ಹಚ್ಚಿದ್ದಿ ಅಂತ ಅಜ್ಜಿ ಹೇಳ್ತಿದ್ಲು. ನಾ ನಿನ್ನ ಬಿಟ್ಟೇನು? ಕೂಸಿಗೆ ಏನು ನೆನಪಿರ್ತೈತಿ, ಸುಮ್ನಿರು.” ನಿನಗೆ ಬೆಲ್ಲ ಕೊಟ್ಟದ್ದೂ ನಾನೇ ಎಂದು ಹೇಳಬೇಕಿತ್ತು. ನೀರು ನೋಡುತ್ತ ಫೋನು ಇಟ್ಟೆ.

ಮೇಡಮ್ ಖುಷಿಯಾಗಿದ್ದರು. ಈಗ ಏಜೆನ್ಸಿಯಲ್ಲಿ ಹೊಸ ಹೆಂಗಸರು ಬಂದಾಗ ಗೊಂಬೆಯ ಪಾಠ ಮುಗಿದ ಮೇಲೆ ನನ್ನನ್ನು ಕರೆಸುತ್ತಾರೆ. “ಬಿಡಿಸೋದು ಈ ಬಾಯಾರ ಕಡಿಂದ ಕಲೀರಿ,” ಎನ್ನುತ್ತಾರೆ. ಬಲಿತ ಎಲೆ, ನಾರಿಲ್ಲದಂತೆ ಅರೆಯಬೇಕು, ಬೆಲ್ಲ ಮಾತ್ರ ತಾಯಿಯ ಕೈಯಲ್ಲಿ ಇರಬೇಕು ಎಂದು ನಾನು ಹೇಳಿಕೊಡುತ್ತೇನೆ. ಮಾಡಿದ್ದುಣ್ಣೋ ಮಹರಾಯ. ಆಮೇಲೆ ಎರಡು ಮನೆಗಳಲ್ಲಿ ಕೆಲಸ ಮಾಡಿದೆ. ಕೂಸುಗಳನ್ನು ಮೀಸುತ್ತೇನೆ, ಉಣಿಸುತ್ತೇನೆ, ತಟ್ಟಿ ಮಲಗಿಸುತ್ತೇನೆ. ಸೆರಗನ್ನು ಮಾತ್ರ ಸೊಂಟಕ್ಕೆ ಬಿಗಿದು ಸಿಕ್ಕಿಸಿರುತ್ತೇನೆ. ಯಾವ ಕೂಸೂ ನನಗಾಗಿ ಅತ್ತಿಲ್ಲ. ಮೇಡಮ್ಮಿನ ಕಣ್ಣಲ್ಲಿ ನಾನು ಈಗ ಪಳಗಿದ ಆಯಾ.

ಹೋದ ದೀಪಾವಳಿಗೆ ಮುಂಚೆ ಏಜೆನ್ಸಿಯ ಮೆಟ್ಟಿಲು ಇಳಿದು ಬರುವಾಗ ಕೆಳಗಿನ ಬಟ್ಟೆ ಅಂಗಡಿಯಲ್ಲಿ ಗದ್ವಾಲದ ಆ ತಾಯಿ ಸೀರೆ ನೋಡುತ್ತ ನಿಂತಿದ್ದರು. ಕಾಯಿದೆ ನೆನಪಿತ್ತು. ಕಾಲು ಕೇಳಲಿಲ್ಲ. ಕೂಸು ಅವರ ಸೊಂಟದ ಮೇಲಿತ್ತು, ಎರಡು ಜಡೆ ಹಾಕಿದ್ದರು, ಕೆನ್ನೆ ತುಂಬಿಕೊಂಡಿದ್ದವು.

ತಾಯಿ ನನ್ನನ್ನು ಕಂಡು ನಿಜವಾಗಿಯೂ ಹಿಗ್ಗಿದರು. “ನೋಡು ಬಂಗಾರ, ಯಾರು ಬಂದಾರ ನೋಡು.”

ಕೂಸು ನನ್ನ ಮುಖ ನೋಡಿತು. ಗುರುತು ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಹೊಸಬರನ್ನು ಕಂಡಂತೆ ಸುಮ್ಮನೆ ನಕ್ಕಿತು. ಅಷ್ಟು ಸಾಕಾಗಿತ್ತು ನನಗೆ, ಹೊಸಬಳಾಗಿಯಾದರೂ ಒಮ್ಮೆ ಮುಟ್ಟೋಣ ಎಂದು ಬಾಗಿದೆ. ಕೆಲಸದ ದಿನವಲ್ಲ, ಸೆರಗು ಸಿಕ್ಕಿಸಿರಲಿಲ್ಲ. ಅದು ಜಾರಿ ಕೂಸಿನ ಕೈಯ ಹತ್ತಿರ ಬಂತು. ಅದೇ ಚೌಕಳಿ, ಅದೇ ಕೆಂಪು ಅಂಚು.

ಕೂಸು ಸೆರಗು ನೋಡಿತು. ತುಟಿ ಬಿಗಿ ಮಾಡಿತು, ಮುಖ ಕಿವುಚಿತು. ಆಮೇಲೆ ತಾಯಿಯ ಕಡೆ ತಿರುಗಿ ಬಾಯಿ ತೆರೆಯಿತು.

ತಾಯಿಗೆ ಮೊದಲು ತಿಳಿಯಲಿಲ್ಲ. “ಯಾಕ ಬಂಗಾರ, ಏನು ಬೇಕು?” ಎಂದರು. ಮಾತು ಮುಗಿಯುವುದರೊಳಗೆ ಅವರಿಗೂ ತಿಳಿಯಿತು. ಅವರು ನನ್ನ ಮುಖ ನೋಡಲಾಗದೆ ನೆಲ ನೋಡಿದರು.

“ಬೆಲ್ಲ ಕೇಳಾಕತ್ತಾಳ್ರಿ,” ಎಂದೆ ನಾನು. “ಮನಿಗೆ ಹೋದ ಮ್ಯಾಲ ಒಂಚೂರು ಕೊಡ್ರಿ.” ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಕ್ತಲಿನ ಬಸ್ಸಿಗೆ ಹೊರಟೆ.