ಅಕ್ಕನ ಕೆನ್ನೆ, ಊರವರ ಕಾಳಜಿ

ನಮ್ಮ ಜನಕ್ಕೆ ಎದುರಿಗೆ ಬಂದವರ ಮುಖ ನೋಡಿ ರೋಗ ಹೇಳದಿದ್ದರೆ ಉಂಡ ಅನ್ನ ಅರಗುವುದಿಲ್ಲ. ತೆಳ್ಳಗಾದವರು ಸಿಕ್ಕರಂತೂ ಹಬ್ಬ. ಈ ಚಟ ನನಗೂ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ; ಆಮೇಲೆ ಬೈಯುವುದಕ್ಕೆ ಸಲೀಸು.

ವಿಜಯನಗರದಲ್ಲಿರುವ ನಮ್ಮಕ್ಕ ಸಕ್ಕರೆ ಕಾಯಿಲೆಗೆ ಹೆದರಿ ವರ್ಷವಿಡೀ ಪಾರ್ಕು ಸುತ್ತಿದಳು, ರಾತ್ರಿಯ ಅನ್ನ ಬಿಟ್ಟಳು. ಕಾಯಿಲೆ ಹಿಡಿತಕ್ಕೆ ಬಂತು. ಆದರೆ ಹೊಟ್ಟೆ ಕರಗುವಾಗ ಜೊತೆಗೆ ಕೆನ್ನೆಯೂ ಕರಗಿತು. ಅಷ್ಟೇ ಸಾಕಾಯಿತು. ತರಕಾರಿ ಗಾಡಿಯ ಮುಂದೆ, ಲಿಫ್ಟಿನೊಳಗೆ, ಗುಡಿಯಲ್ಲಿ ಮಂಗಳಾರತಿಯ ನಡುವೆಯೂ ಒಂದೇ ವಿಚಾರಣೆ: ಏನ್ರೀ ಹೀಗೆ ಇಳಿದು ಹೋಗಿದ್ದೀರಿ, ಶುಗರ್ ಜಾಸ್ತಿನಾ? ಇಲ್ಲ, ಕಡಿಮೆಯಾಗಿದೆ ಎಂದರೆ ಯಾರೂ ನಂಬರು. ಪಾಪ, ಮುಚ್ಚಿಡುತ್ತಿದ್ದಾಳೆ ಎಂಬಂತೆ ತಲೆಯಾಡಿಸುವರು.

ಕೊನೆಗೆ ಅಕ್ಕ ಕೆನ್ನೆಗೆ ಫಿಲ್ಲರ್ ಹಾಕಿಸಿಕೊಳ್ಳುತ್ತೇನೆ ಎಂದಳು. ಅಂದರೆ ಗುಳಿಬಿದ್ದ ಕಡೆ ಸೂಜಿಯಿಂದ ಮದ್ದು ತುಂಬಿ ಉಬ್ಬಿಸುವುದು. ನನಗೆ ಮೈಯೆಲ್ಲ ಉರಿದುಹೋಯಿತು. ಅರವತ್ತರ ಹತ್ತಿರ ಇದೆಂಥ ಶೋಕಿ ಎಂದು ಬೈಯುತ್ತಲೇ ಜೊತೆಗೆ ಹೋದೆ.

ರಾಜಾಜಿನಗರದ ಆ ಕ್ಲಿನಿಕ್ಕಿನಲ್ಲಿ ಕುರ್ಚಿಗಳಿಗಿಂತ ಕನ್ನಡಿಗಳೇ ಹೆಚ್ಚು. ಕೌಂಟರಿನ ಹುಡುಗಿಯ ಕೆನ್ನೆಗಳು ಆಗಷ್ಟೇ ಎಣ್ಣೆಯಿಂದ ತೆಗೆದ ಪೂರಿಯಂತಿದ್ದವು; ಪಾಪ, ನಗಲಿಕ್ಕೂ ಕಷ್ಟಪಡುತ್ತಿದ್ದಳು. ಡಾಕ್ಟರಮ್ಮ ಎರಡು ಬಗೆ ವಿವರಿಸಿದರು. ಒಂದು ಜೆಲ್: ಕೂಡಲೇ ಉಬ್ಬುತ್ತದೆ, ಸುಮಾರು ಒಂದು ವರ್ಷವಿದ್ದು ಕರಗುತ್ತದೆ, ಬೇಡವೆನಿಸಿದರೆ ಇನ್ನೊಂದು ಇಂಜೆಕ್ಷನ್ ಕೊಟ್ಟು ಕರಗಿಸಲೂಬಹುದು. ಇನ್ನೊಂದು ನಿಧಾನ: ಚರ್ಮ ತಾನೇ ತುಂಬಿಕೊಳ್ಳುವಂತೆ ಮಾಡುತ್ತದೆ, ಹೆಚ್ಚು ಕಾಲ ಇರುತ್ತದೆ, ಆದರೆ ಹಾಕಿದ್ದನ್ನು ತೆಗೆಯಲು ಬರುವುದಿಲ್ಲ. ಸೀರೆ ಅಂಗಡಿಯಲ್ಲಿ ಅರ್ಧ ಅಂಗಡಿ ಬಿಚ್ಚಿಸಿ ಅಭ್ಯಾಸವಾದ ಅಕ್ಕ, ಮೊದಲು ಒಂದು ಕೆನ್ನೆಗೆ ಹಾಕಿಸಿಕೊಂಡು ಮನೆಯಲ್ಲಿ ತೋರಿಸಿ ಬರಬಹುದೇ ಎಂದು ಕೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಈ ವಯಸ್ಸಿನಲ್ಲಿ ಚೆಂದವಾಗಿ ಯಾರಿಗೆ ತೋರಿಸಬೇಕು ಎಂದು ನಾನು ಕೇಳಿಯೇಬಿಟ್ಟೆ. ಅಕ್ಕ ನನ್ನತ್ತ ತಿರುಗಿದಳು.

"ಚೆಂದಕ್ಕಲ್ಲ ಕಣೇ. ಜನರ ಮಾತು ಕೇಳಿ ಕೇಳಿ ಸಾಕಾಗಿ, ಕೆನ್ನೆ ಬರ್ಲಿ ಅಂತ ಹೋದ ವಾರದಿಂದ ರಾತ್ರಿ ಮತ್ತೆ ಅನ್ನ ತಿಂತಾ ಇದೀನಿ. ಇದು ಹಾಕಿಸ್ಕೊಂಡ್ರೆ ಅದನ್ನ ಬಿಡ್ತೀನಿ. ಇಳಿದು ಹೋಗಿದ್ಯಲ್ಲೇ ಅಂತ ಮೊದಲು ಅಂದಿದ್ದು ನೀನೇ."

ಅಕ್ಕ ಜೆಲ್ಲನ್ನೇ ಆರಿಸಿದಳು. ನಮ್ಮ ಜನ ಯಾವಾಗ ಏನನ್ನುತ್ತಾರೋ, ಕರಗಿಸಲು ಬರುವಂಥದ್ದೇ ಇರಲಿ ಎಂದಳು.

ತಿಂಗಳಾದ ಮೇಲೆ ಕೆಂಗೇರಿ ಉಪನಗರದಲ್ಲಿ ನೆಂಟರ ಗೃಹಪ್ರವೇಶ. ಅಕ್ಕ ನಿಜಕ್ಕೂ ಲಕ್ಷಣವಾಗಿ ಕಾಣುತ್ತಿದ್ದಳು, ಒಪ್ಪಲೇಬೇಕು. ಊಟಕ್ಕೆ ಎದುರು ಪಂಕ್ತಿಯಲ್ಲಿ ಕೂತ ನಮ್ಮ ಸೋದರತ್ತೆ ಅವಳನ್ನು ಬಿಡದೆ ದಿಟ್ಟಿಸಿದರು.

"ಏನೇ, ಮುಖ ಊದಿದೆಯಲ್ಲ, ಥೈರಾಯ್ಡ್ ಚೆಕ್ ಮಾಡಿಸಿದ್ಯಾ?"

ಅಕ್ಕ ಬಡಿಸಲು ಬಂದ ಹೋಳಿಗೆಗೆ ಕೈ ಅಡ್ಡ ಹಿಡಿದು, ಇಲ್ಲತ್ತೆ, ಚೆನ್ನಾಗಿದೀನಿ ಎಂದಳು. ಅತ್ತೆ ತಲೆಯಾಡಿಸಿದರು. ಅವಳ ಮಾತನ್ನು ಆ ಪಂಕ್ತಿಯಲ್ಲಿ ನಂಬಿದವಳು ನಾನೊಬ್ಬಳೇ. ಅಷ್ಟು ನಂಬಲಿಕ್ಕೆ ನಾನು ಅವಳ ಎರಡು ಕೆನ್ನೆಗೂ ಸೂಜಿ ಚುಚ್ಚಿಸಬೇಕಾಯಿತು.