ಹಳೆಯ ಹೆಸರಿಗೆ ತಿರುಗದ ಹುಡುಗ

...ಅಥವಾ ಅದು ಮೆಕ್ಕೆಜೋಳದ ಕಾಲವೇ ಆಗಿರಲಿಲ್ಲವೇನೋ. ಕಣದಲ್ಲಿ ತೆನೆಯ ರಾಶಿ ಇತ್ತು, ಸುಟ್ಟ ತೆನೆಯ ವಾಸನೆ ಇತ್ತು ಎಂದು ಬರೆಯಲು ಹೊರಟೆ. ಆದರೆ ನಮ್ಮ ಕಡೆಯವರ ಬಾಲ್ಯದ ನೆನಪುಗಳಲ್ಲೆಲ್ಲ ಒಂದು ಸುಟ್ಟ ತೆನೆ ಇದ್ದೇ ಇರುತ್ತದೆ. ನನ್ನದಕ್ಕೂ ಯಾರೋ ತಂದಿಟ್ಟಿರಬಹುದು. ಟ್ರ್ಯಾಕ್ಟರ್ ಇದ್ದದ್ದಂತೂ ನಿಜ. ಅದರ ಗುರುತು ನನ್ನ ತಮ್ಮನ ಎಡಗಾಲಿನಲ್ಲಿ ಇಂದಿಗೂ ಇದೆ. ಆ ಕಾಲನ್ನು ಈಗ ಜನ ಸಾಲಾಗಿ ನಿಂತು ಮುಟ್ಟಿ ನಮಸ್ಕರಿಸುತ್ತಾರೆ.

ನಾನು ಎರಡು ಜಡೆ ಹಾಕಿಕೊಂಡು ಸರ್ಕಾರಿ ಶಾಲೆಗೆ ಹೋಗುತ್ತಿದ್ದಾಗ, ತಾಳಗುಂದದ ಪಕ್ಕದ ನಮ್ಮ ಊರಲ್ಲಿ ಹೆಸರು ಇದ್ದದ್ದೇ ಕೂಗುವುದಕ್ಕೆ. ಬಾವಿಕಟ್ಟೆಯಿಂದ ಕೂಗಿದರೆ ಕೆರೆ ಏರಿಯಿಂದ ಓಗೊಡುತ್ತಿದ್ದರು. ನನಗಿಂತ ಎರಡು ವರ್ಷ ಚಿಕ್ಕವನಾದ ಬಸವರಾಜ ಊರಿಗೆಲ್ಲ ಬಸ್ಯಾ. ಲಗೋರಿಯಲ್ಲಿ ಮೋಸ ಮಾಡುತ್ತಿದ್ದ, ಅವ್ವ ಮುಚ್ಚಿಟ್ಟ ಶೇಂಗಾ ಉಂಡೆ ಕದಿಯುತ್ತಿದ್ದ. ಪವಿತ್ರವಾದದ್ದು ಅವನಲ್ಲಿ ಏನೂ ಇರಲಿಲ್ಲ.

ಸೊರಬದ ಕಡೆಯ ಒಂದು ಸಣ್ಣ ಮಠಕ್ಕೆ ಮರಿ ಬೇಕಾಗಿತ್ತು. ಮರಿ ಅಂದರೆ ಮುಂದೆ ಸ್ವಾಮಿಯಾಗುವ ಹುಡುಗ. ನಮ್ಮದು ಅಯ್ನೋರ, ಅಂದರೆ ಜಂಗಮರ ಮನೆ, ಹುಡುಗ ಸರಿಯಾದ ವಯಸ್ಸಿನವನು, ಅಷ್ಟು ಸಾಕಿತ್ತು. ಮಠದ ಪಾರುಪತ್ಯೆಗಾರರು ಬಂದು, ಹೋಳಿಗೆ ಉಂಡು, ಸಂತೆಯಲ್ಲಿ ಹೋರಿ ನೋಡುವ ಹಾಗೆ ತಮ್ಮನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಂತ ಹೇಳ್ತ್ರಿ ಅಯ್ನೋರೇ, ಹುಡುಗ ಲಕ್ಷಣವಾಗಿದಾನೆ," ಎಂದರು.

"ನಮ್ದೇನೈತ್ರೀ ಹೇಳೋದು. ಅವ ಹುಟ್ಟಿದ್ದೇ ಇದಕ್ಕೆ," ಎಂದರು ಅಜ್ಜ.

ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವ ನನಗೆ ಕೇಳಿಸುವಷ್ಟೇ ಹೇಳಿದಳು: "ಹಡೆದಾಕಿ ನಾನು. ನಂಗೇ ಗೊತ್ತಿರ್ಲಿಲ್ಲ ನೋಡು."

ಅಪ್ಪ ಎಂದಿನಂತೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅಜ್ಜನ ಎದುರು ಅವನು ಮಾಡಿದ ಕೆಲಸ ಅದೊಂದೇ.

ಹೊಸ ಹೆಸರು ಬಂತು. ಹಿಂದೊಂದು ಮುಂದೊಂದು ಬಿರುದು ಹೊತ್ತ ಉದ್ದದ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಕ್ಯಾಲೆಂಡರುಗಳ ಮೇಲೆ, ಆಟೋಗಳ ಗಾಜಿನ ಮೇಲೆ ಬೇಕಾದಷ್ಟು ಬರೆದಿದ್ದಾರೆ. ಮನೆಯಲ್ಲಿ ಅವನನ್ನು 'ಬುದ್ಧಿ' ಎಂದು ಕರೆಯಬೇಕು. ಪಟ್ಟವಾಗುವ ತನಕ ಅವನು ಮನೆಯಲ್ಲೇ ಇದ್ದು ಇದಕ್ಕೆ ಪಳಗಬೇಕು. ಅಜ್ಜ ಒಂದು ಕಟ್ಟಳೆ ಮಾಡಿದರು: ಹಳೆಯ ಹೆಸರು ಹಿಡಿದು ಕರೆದವರು ತಲೆಯ ಮೇಲೆ ಒಂದು ಕೊಡ ತಣ್ಣೀರು ಸುರಿದುಕೊಂಡು, ವಿಭೂತಿ ಹಚ್ಚಿಕೊಂಡೇ ಮುಂದಿನ ಕೆಲಸ ಮುಟ್ಟಬೇಕು. ಕರೆದಾಗ ಹುಡುಗ ತಿರುಗಿ ನೋಡಿದರೆ ಅವನಿಗೂ ಅದೇ. ಸಾವಿನ ಮನೆಗೆ ಹೋಗಿಬಂದವರು ಮಾಡುವುದನ್ನು ಬದುಕಿರುವ ಹುಡುಗನ ಹೆಸರಿಗೆ ಮಾಡಿಸಿದರು. ಇದಕ್ಕೆ ಅವರು ಸಂಸ್ಕಾರ ಎನ್ನುತ್ತಿದ್ದರು.

ನಾನು ಬೇಕೆಂದೇ ಕೂಗುತ್ತಿದ್ದೆ. ಅವನು ತಿರುಗುತ್ತಲೇ ಇದ್ದರೆ ಮಠದವರು ಬೇಡವೆಂದು ಬಿಟ್ಟುಹೋಗುತ್ತಾರೆ ಎಂಬುದು ನನ್ನ ಎಣಿಕೆ. ಮೊದಮೊದಲು ತಿರುಗಿದ. ಇಬ್ಬರೂ ಹಿತ್ತಲಲ್ಲಿ ನಡುಗುತ್ತ, ನಗುತ್ತ ಕೊಡ ಸುರಿದುಕೊಂಡೆವು. ಆಮೇಲೆ ತಿರುಗುವುದು ಕಡಿಮೆಯಾಯಿತು.

"ಲೇ ಬಸ್ಯಾ, ಇಲ್ನೋಡಲೇ."

ಬೆನ್ನು ಹಾಕಿಕೊಂಡೇ ಅಂದ: "ಬುದ್ಧಿ ಅನ್ನು."

"ಅನ್ನಲ್ಲ ಹೋಗು. ಹೋದ ಸೋಮವಾರ ಚಡ್ಡಿ ಹರ್ಕಂಡು ಅಳ್ತಿದ್ದೆ. ನೀ ಎಲ್ಲಿ ಬುದ್ಧಿ?"

"ಹಂಗಾರೆ ನಾನೂ ತಿರುಗಲ್ಲಕ್ಕಾ."

ಬಾಡಿಗೆ ಟ್ರ್ಯಾಕ್ಟರ್ ತಂದಿದ್ದ ಇಮಾಮಣ್ಣ ಶಿಕಾರಿಪುರದವನು. ಅವತ್ತು ತುಂಬಿದ ಟ್ರೇಲರನ್ನು ಕಣದಲ್ಲಿ ಹಿಂದಕ್ಕೆ ಬಿಡುತ್ತಿದ್ದ. ತಮ್ಮ ಅದಕ್ಕೆ ಬೆನ್ನು ಹಾಕಿ, ಕಾಲು ಚಾಚಿ ಕೂತು ಬುಗುರಿಗೆ ದಾರ ಸುತ್ತುತ್ತಿದ್ದ. ಕಟ್ಟೆಯ ಮೇಲಿದ್ದ ಅಜ್ಜ ನೋಡಿದರು. ನೋಡಿ ಕೂಗಿದರು: "ಬಸ್ಯಾ, ಏಳಲೇ ಬಸ್ಯಾ."

ಹೌದು, ಆ ಹೆಸರನ್ನೇ ಕೂಗಿದರು. ಎದೆ ಹಾರಿದಾಗ ಬಾಯಿಗೆ ಬಂದದ್ದು ಬಿರುದಲ್ಲ.

ತಮ್ಮ ತಿರುಗಲಿಲ್ಲ. ಚಕ್ರ ಅವನ ಪಾದದ ತುದಿಯ ಮೇಲೆ ಹಾಯಿತು.

ಇಮಾಮಣ್ಣ ಜಿಗಿದು ಬಂದು ಅವನನ್ನು ಎತ್ತಿಕೊಂಡ. "ಕೂಗಿದ್ದು ಕೇಳ್ಸಿಲ್ವೇನೋ ನಿಂಗೆ," ಎನ್ನುತ್ತ ಅಳುವಂತಾಗಿದ್ದ. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಟ್ರೇಲರ್ ಬಿಚ್ಚಿ ಆಸ್ಪತ್ರೆಗೆ ಹೊರಡಬೇಕು, ಅಜ್ಜ ಕಾಣಿಸುತ್ತಿಲ್ಲ. ಅವರು ಹಿತ್ತಲಲ್ಲಿದ್ದರು. ತಲೆಯ ಮೇಲೆ ಕೊಡ ಸುರಿದುಕೊಂಡು, ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಹಳೆಯ ಹೆಸರು ಕೂಗಿದ್ದರಲ್ಲ. ರಕ್ತ ಸುರಿಸುತ್ತ ಹುಡುಗ ಕಾಯಬಹುದು, ಕಟ್ಟಳೆ ಕಾಯುವ ಹಾಗಿಲ್ಲ.

ಅಜ್ಜ ನೀರು ಹೊಯ್ದುಕೊಂಡದ್ದು ಆಸ್ಪತ್ರೆಯಿಂದ ಬಂದ ಮೇಲೆ ಎಂದು ಚಿಕ್ಕಪ್ಪ ಹೇಳುತ್ತಾನೆ. ಹೊಯ್ದುಕೊಳ್ಳಲೇ ಇಲ್ಲ ಎನ್ನುತ್ತಾಳೆ ಅವ್ವ. ನನ್ನ ಕಣ್ಣಿನಲ್ಲಂತೂ ಇಮಾಮಣ್ಣನ ಪಕ್ಕದ ಮಡ್‌ಗಾರ್ಡಿನ ಮೇಲೆ ಒಂದು ಒದ್ದೆ ಪಂಚೆ ತೊಟ್ಟಿಕ್ಕುತ್ತ ಕೂತಿದೆ. ಅವರ ಮೇಲಿನ ಸಿಟ್ಟಿಗೆ ಈ ಪಂಚೆ ಬಹಳ ಅನುಕೂಲವಾಗಿದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಎರಡು ಬೆರಳು ಹೋದವು. ನೋಡಲು ಬಂದವರಿಗೆಲ್ಲ ಅಜ್ಜ ಒಂದೇ ಮಾತು: "ಚಕ್ರ ಮ್ಯಾಲೆ ಬಂದ್ರೂ ಹಳೇ ಹೆಸರಿಗೆ ತಿರುಗ್ಲಿಲ್ಲ ನೋಡ್ರಿ. ಪಕ್ವ ಆಗ್ಯಾನೆ." ಪಾರುಪತ್ಯೆಗಾರರು ತಲೆದೂಗಿ ಪಟ್ಟದ ದಿನವನ್ನು ಇನ್ನೂ ಮುಂಚೆಗೆ ಇಟ್ಟರು. ಹುಡುಗನನ್ನು ಯಾರೂ ಏನೂ ಕೇಳಲಿಲ್ಲ.

ಮೊನ್ನೆ ಸೊರಬಕ್ಕೆ ಹೋಗಿದ್ದೆ. ಮಠದ ಚಪ್ಪರದಲ್ಲಿ ಶಾಲು ಹೊದ್ದ ಭಾಷಣಕಾರರೊಬ್ಬರು ಈ ಕತೆ ಹೇಳುತ್ತಿದ್ದರು. ಟ್ರ್ಯಾಕ್ಟರು ಪುರಾಣಕ್ಕೆ ಒಗ್ಗಲಿಲ್ಲವೇನೋ, ಎತ್ತಿನ ಗಾಡಿಯಾಗಿದೆ. ಬುಗುರಿ ಹೋಗಿ ಲಿಂಗ ಬಂದಿದೆ. ಬಾಲಕ ಶಿವಧ್ಯಾನದಲ್ಲಿದ್ದನಂತೆ, ಅಜ್ಜ ಕೂಗಿದ್ದೇ ಇಲ್ಲವಂತೆ. ಮುಂದಿನ ಸಾಲಿನಲ್ಲಿ ಅವ್ವ ಕೈ ಮುಗಿದು ಹೌದೆಂದು ತಲೆಯಾಡಿಸುತ್ತಿದ್ದಳು. ಈಗ ಅವಳಿಗೂ ಅವನು 'ನಮ್ಮ ಬುದ್ಧಿಯೋರು'. ಬಸ್ಯಾ ಎಂದು ಕೂಗುವವರು ಊರಿನಲ್ಲಿ ಯಾರೂ ಉಳಿದಿಲ್ಲ. ನನ್ನನ್ನು ಅಕ್ಕಾ ಎನ್ನುವವನೂ ಇಲ್ಲ.

ಪಾದ ಮುಟ್ಟುವ ಸಾಲಿನಲ್ಲಿ ನನ್ನ ಸರದಿ ಬಂದಾಗ ಬಗ್ಗಿ ಕೇಳಿದೆ: "ಬುದ್ಧಿ, ಅವತ್ತು ಅಜ್ಜ ಕೂಗಿದ್ದು ಕೇಳಿಸಿತ್ತಾ?"

ಕೈಗೊಂದು ಬಾಳೆಹಣ್ಣು ಕೊಟ್ಟು, "ಪ್ರಸಾದ ತಗೊಂಡು ಹೋಗಿ ತಾಯಿ," ಎಂದ. ಹಿಂದಿದ್ದವರು ನನ್ನನ್ನು ಮುಂದಕ್ಕೆ ತಳ್ಳಿದರು.

ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಲೇ ಇಲ್ಲವೋ, ಕೇಳಿಸಿಯೂ ತಣ್ಣೀರಿಗೆ ಹೆದರಿ ಕೂತನೋ, ಆ ಹೆಸರು ತನ್ನದಲ್ಲ ಎಂದು ಅವನಿಗೆ ಆಗಲೇ ಅನ್ನಿಸಿತ್ತೋ, ನನಗೆ ಗೊತ್ತಿಲ್ಲ.