ಮೊದಲು ಎದೆಗೆ ನೀರು

ನಮ್ಮ ಮನೆತನದಲ್ಲಿ ಯಾರೂ ಡಿಗ್ರಿ ಮುಗಿಸುವುದಿಲ್ಲ ಎಂದವನು ದೊಡ್ಡಪ್ಪ. ಈಜು ಬಲ್ಲವರಿಗೆ ನೀರಿನಲ್ಲಿ ಏನೂ ಆಗುವುದಿಲ್ಲ ಎಂದವಳು ನಾನು. ಇಬ್ಬರ ಮಾತೂ ಒಂದೇ ವರ್ಷದಲ್ಲಿ ಸುಳ್ಳಾಯಿತು. ದೊಡ್ಡಪ್ಪನದು ಹೇಗೆ ಸುಳ್ಳಾಯಿತೆಂದು ತಾಸುಗಟ್ಟಲೆ ಹೇಳಬಲ್ಲೆ. ನನ್ನದು ಹೇಗೆಂಬುದು ಇನ್ನೂ ನನಗೇ ಸರಿಯಾಗಿ ತಿಳಿದಿಲ್ಲ.

ಇವತ್ತು ಬೆಳಗ್ಗೆ ಒಲೆ ಹೊತ್ತಿಸಲು ಬೇಸರಪಟ್ಟು ತಣ್ಣೀರನ್ನೇ ಸುರಿದುಕೊಂಡೆ. ಮೊದಲ ತಂಬಿಗೆಗೇ ‘ಹಾ’ ಎಂದು ಬಾಯಿ ತಾನಾಗಿ ತೆರೆಯಿತು. ನಿಮಗೂ ಆಗಿರುತ್ತದೆ, ನಕ್ಕು ಇನ್ನೊಂದು ತಂಬಿಗೆ ಎತ್ತಿರುತ್ತೀರಿ. ನಾನು ಮಾತ್ರ ಖಾಲಿ ತಂಬಿಗೆ ಹಿಡಿದು ಕೂತುಬಿಟ್ಟೆ.

ಇಳಕಲ್ಲಿನ ಹತ್ತಿರ ನಮ್ಮದು ಕುರಿ ಸಾಕುವ ಮನೆ. ಉಣ್ಣೆ ಕತ್ತರಿಸುವ ಮುಂಚೆ ಅಪ್ಪ ಕುರಿಗಳನ್ನು ಕೆಲಸ ನಿಂತ ಕಲ್ಲುಗಣಿಗೆ ಹೊಡೆದುಕೊಂಡು ಹೋಗಿ ಅಲ್ಲಿಯ ನೀರಿನಲ್ಲಿ ತೊಳೆಯುತ್ತಾನೆ. ಯಾವ ಕುರಿಯನ್ನೂ ಒಮ್ಮೆಲೇ ನೂಕುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ, ಬೊಗಸೆಯಿಂದ ಎದೆಗೆ ನೀರು ಹಾಕಿ, ಪಕ್ಕೆಯ ಮೇಲೆ ಕೈಯಿಟ್ಟು, ಉಸಿರು ಸಮವಾಗುವ ತನಕ ಕಾಯುತ್ತಾನೆ. ಪ್ರತಿ ಕುರಿಗೂ ಹೀಗೆಯೇ. ನೋಡುವವರಿಗೆ ಆಕಳಿಕೆ ಬರಬೇಕು.

ಡಿಗ್ರಿಯ ಕೊನೆಯ ವರ್ಷ, ಸಂಕ್ರಮಣದ ರಜೆಗೆ ಬಂದವಳು ನಾನೂ ಗಣಿಗೆ ಹೋಗಿದ್ದೆ. ಬಿಸಿಲಿಗೆ ಬಂಡೆ ಕಾದಿತ್ತು. ಆಳವಿದ್ದ ಕಡೆಯ ಬಂಡೆ ಹತ್ತಿ ನಿಂತೆ.

“ಮೊದಲ ಎದಿಗೆ ನೀರ ಹಾಕ್ಕೊಳವ್ವಾ,” ಎಂದ ಅಪ್ಪ.

“ನಾ ಏನ್ ಕುರಿಯೇನಪಾ?” ಎಂದು ಜಿಗಿದೆ.

ನೀರು ಕೊರೆಯುವಷ್ಟು ತಣ್ಣಗಿತ್ತು. ಆಮೇಲಿನದೆಲ್ಲ ಗೊಂದಲ. ತಲೆ ನೀರಿನ ಮೇಲೆ ಬಂದಿತ್ತು, ಮೂಗಿನೆದುರು ಬೇಕಾದಷ್ಟು ಗಾಳಿ ಇತ್ತು, ಆದರೂ ಉಸಿರು ನನ್ನ ಮಾತು ಕೇಳಲಿಲ್ಲ. ಸುಮ್ಮನೆ ತೇಕುತ್ತಿದ್ದೆ. ಚಿಕ್ಕಂದಿನಿಂದ ಈಜಿದ ಕೈಕಾಲು ಯಾರವೋ ಅನ್ನಿಸಿತು. ಬಡಿದಷ್ಟೂ ನೀರು ಕುಡಿದೆ. ಅಪ್ಪನಿಗೆ ಈಜು ಬಾರದು. ಸೊಂಟದುದ್ದ ನೀರಿನಲ್ಲಿ ನಿಂತು ಕೂಗಿದ:

“ಬಡೀಬ್ಯಾಡವ್ವಾ. ಅಂಗಾತ ಬೀಳು, ಮುಗಲ ನೋಡು. ಉಸರು ತಾನ ಬರತೈತಿ, ತಡಿ.”

ಬಿದ್ದೆ. ಒಂದು ನಿಮಿಷವೋ, ಒಂದು ಪರೀಕ್ಷೆಯ ಮೂರು ತಾಸೋ, ಎದೆ ಮೆಲ್ಲಗೆ ಸಡಿಲಾಯಿತು. ಆಮೇಲೆ ಈಜಿ ದಂಡೆಗೆ ಬಂದೆ. ಅಪ್ಪ ಬೈಯಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು ಕಾಯುತ್ತ ನಿಂತ.

ಈಜು ಬಾರದವನಿಗೆ ಇದೆಲ್ಲ ಹೇಗೆ ಗೊತ್ತು? ಕೇಳಿದರೆ “ಕುರಿ ಕಲಿಸ್ಯಾವ” ಎನ್ನುತ್ತಾನೆ. ಖರೆಯೋ ಚೇಷ್ಟೆಯೋ, ಓದಿದ ನನಗೆ ಬಗೆಹರಿದಿಲ್ಲ. ಇವತ್ತು ಬೆಳಗ್ಗೆ ಎರಡನೆಯ ತಂಬಿಗೆಯನ್ನು ಮಾತ್ರ ಪಾದಕ್ಕೆ ಹಾಕಿಕೊಂಡೆ, ಆಮೇಲೆ ಬೊಗಸೆ ನೀರು ಎದೆಗೆ, ಕಾದೆ.

ಮಧ್ಯಾಹ್ನ ಕಾಲೇಜಿನಿಂದ ಡಿಗ್ರಿ ಸರ್ಟಿಫಿಕೇಟ್ ತಂದು ಅಪ್ಪನ ಕೈಗೆ ಕೊಟ್ಟೆ. ಕಟ್ಟೆಯ ಮೇಲಿದ್ದ ದೊಡ್ಡಪ್ಪ ಕೆಮ್ಮಿದ, ಅಷ್ಟೇ. ಅಪ್ಪ ಧೋತರಕ್ಕೆ ಕೈ ಒರೆಸಿಕೊಂಡು, ಓದಲು ಬಾರದಿದ್ದರೂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಭಾಳ ಚಲೋ ಆತವ್ವಾ. ನೀರಿಗೆ ಹ್ಯಾಂಗ ಇಳೀಬೇಕಂತ ಇದ್ರಾಗ ಎಲ್ಲೆರ ಬರದಾರೇನು?”

“ಇಲ್ಲಪಾ.”

“ಹಂಗಾರ ಅದನ್ನ ನೀನ ನೆಪ್ಪಿಟ್ಟುಕೋ.”